ಮಲೇರಿಯಾದ 48 ಗಂಟೆ: ರಕ್ತಕಣದೊಳಗೆ ಸರಕು ಸಾಗಣೆಗೂ ಒಂದು ಟೈಮ್‌ಟೇಬಲ್

ಇವತ್ತಿನ ವಿಷಯ ಮಲೇರಿಯಾ. ಹಾಗಂತ ಸೊಳ್ಳೆ ಪರದೆ, ನಿಂತ ನೀರು ಅಂತ ನಾನು ಶುರು ಮಾಡೋದಿಲ್ಲ. ಅದನ್ನೆಲ್ಲ ನೀವು ಶಾಲೆಯಿಂದಲೇ ಕೇಳಿಕೊಂಡು ಬಂದಿದ್ದೀರಿ. ನಮ್ಮ ರಕ್ತಕಣದೊಳಗೆ ಸೇರಿಕೊಂಡ ಆ ಪರಾವಲಂಬಿ ತನ್ನ ಪ್ರೋಟೀನುಗಳನ್ನು ಯಾವ ಹೊತ್ತಿಗೆ, ಎಲ್ಲಿಗೆ ಸಾಗಿಸುತ್ತೆ ಅನ್ನೋದು ಇವತ್ತಿನ ಕಥೆ. ಡಾಕ್ಟರು "ಮಾತ್ರೆ ಪೂರ್ತಿ ಮುಗಿಸಿ" ಅಂತ ಯಾಕೆ ಅಷ್ಟು ಒತ್ತಿ ಹೇಳ್ತಾರೆ ಅನ್ನೋದಕ್ಕೂ ಇದರಲ್ಲೇ ಉತ್ತರ ಇದೆ.

ಮಂಗಳೂರು ಕಡೆಯವರಿಗೆ ಈ ಜ್ವರ ಹೊಸದಲ್ಲ. ಮೊದಲು ಗಡಗಡ ನಡುಕ, ಆಮೇಲೆ ಸುಡುವ ಮೈ, ಕೊನೆಗೆ ಬೆವರು. ಮರುದಿನ ಏನೂ ಆಗಿಲ್ಲ ಅನ್ನೋ ಹಾಗೆ ಇರುತ್ತೆ. ಮೂರನೇ ದಿನ ಮತ್ತೆ ಚಳಿ. ಆಯುರ್ವೇದದಲ್ಲಿ ಇಂಥ ಜ್ವರಕ್ಕೆ 'ತೃತೀಯಕ' ಅಂತಲೇ ಹೆಸರಿದೆ. ಎಲ್ಲರಿಗೂ ಇಷ್ಟು ಕರಾರುವಾಕ್ಕಾಗಿ ಬರೋದಿಲ್ಲ. ಆದರೆ ಬಂದಾಗ ಅದರ ಹಿಂದೆ ಒಂದು ಲೆಕ್ಕ ಇರುತ್ತೆ: 48 ಗಂಟೆ. ಪ್ಲಾಸ್ಮೋಡಿಯಂ ಫಾಲ್ಸಿಪೇರಂ ಆಗಲಿ, ವೈವಾಕ್ಸ್ ಆಗಲಿ, ರಕ್ತಕಣದೊಳಗೆ ಹೊಕ್ಕು, ಬೆಳೆದು, ಮರಿಗಳಾಗಿ ಒಡೆದು ಹೊರಬರೋದಕ್ಕೆ ಸುಮಾರು ಇಷ್ಟು ಸಮಯ ತಗೊಳ್ಳುತ್ತೆ. ಲಕ್ಷಾಂತರ ಕಣಗಳು ಹೆಚ್ಚುಕಡಿಮೆ ಒಟ್ಟಿಗೇ ಒಡೆದಾಗ ನಮಗೆ ಜ್ವರ ಏರುತ್ತೆ.

ಈಗ ಒಳಗೆ ಹೋಗೋಣ. ನಮ್ಮ ಕೆಂಪು ರಕ್ತಕಣ ಅಂದ್ರೆ ಹೆಚ್ಚುಕಡಿಮೆ ಖಾಲಿ ಗೋದಾಮು. ಅದಕ್ಕೆ ನ್ಯೂಕ್ಲಿಯಸ್ ಇಲ್ಲ, ಪ್ರೋಟೀನ್ ಸಾಗಿಸೋ ವ್ಯವಸ್ಥೆಯೂ ಇಲ್ಲ. ಪರಾವಲಂಬಿ ಅಲ್ಲಿ ಎಲ್ಲವನ್ನೂ ತಾನೇ ಕಟ್ಟಬೇಕು. ಮೊದಲರ್ಧದಲ್ಲಿ ಅದರ ಸಾಗಣೆ ಬಹುಪಾಲು ಹೊರಮುಖ. ತಾನು ಕೂತ ಚೀಲದ ಪೊರೆಯಲ್ಲಿ ಒಂದು ಬಾಗಿಲು ಮಾಡಿಕೊಂಡು, ನೂರಾರು ಬಗೆಯ ಪ್ರೋಟೀನುಗಳನ್ನು ರಕ್ತಕಣಕ್ಕೆ ದಾಟಿಸುತ್ತೆ. ಫಾಲ್ಸಿಪೇರಂನಲ್ಲಿ ಅವುಗಳಲ್ಲೊಂದು ಕಣದ ಹೊರಮೈಗೆ ಬಂದು, ರಕ್ತನಾಳದ ಗೋಡೆಗೆ ಅಂಟಿಕೊಳ್ಳುತ್ತೆ. ಮಿದುಳಿನ ಮಲೇರಿಯಾ ಅಷ್ಟು ಅಪಾಯಕಾರಿ ಆಗೋದಕ್ಕೆ ಇದೊಂದು ಮುಖ್ಯ ಕಾರಣ.

ದ್ವಿತೀಯಾರ್ಧದಲ್ಲಿ ಚಿತ್ರ ಬದಲಾಗುತ್ತೆ. ನ್ಯೂಕ್ಲಿಯಸ್ ಮತ್ತೆ ಮತ್ತೆ ಇಬ್ಭಾಗವಾಗಿ, ಒಂದರಿಂದ 16ರಿಂದ 32ರಷ್ಟು ಮರಿಗಳು ತಯಾರಾಗುತ್ತವೆ. ಈ ವಿಭಜನೆಗೆ ಚಾಲನೆ ಕೊಡೋದು ಕೈನೇಸ್ ಅನ್ನೋ ಕಿಣ್ವಗಳು. ಇವು ಬೇರೆ ಪ್ರೋಟೀನುಗಳ ಮೇಲೆ ಫಾಸ್ಫೇಟ್ ಮುದ್ರೆ ಒತ್ತಿ 'ಈಗ ಶುರು ಮಾಡು' ಅಂತ ಸಂದೇಶ ಕೊಡುತ್ತವೆ. ಸಿಆರ್‌ಕೆ4 ಎಂಬ ಒಂದು ಕೈನೇಸನ್ನು ತೆಗೆದರೆ ಡಿಎನ್‌ಎ ನಕಲಾಗೋದೇ ನಿಲ್ಲುತ್ತೆ ಅಂತ 2017ರಲ್ಲಿ ವಿಜ್ಞಾನಿಗಳು ತೋರಿಸಿದರು. ಇದೇ ಹೊತ್ತಿಗೆ ಪ್ರತಿ ಮರಿಯ ತುದಿಯಲ್ಲಿ ರೋಪ್ಟ್ರಿ, ಮೈಕ್ರೋನೀಮ್ ಎಂಬ ಪುಟ್ಟ ಚೀಲಗಳು ಹೊಸದಾಗಿ ಮೂಡುತ್ತವೆ. ಮುಂದಿನ ರಕ್ತಕಣಕ್ಕೆ ನುಗ್ಗೋ ಸಲಕರಣೆ ತುಂಬಿಕೊಳ್ಳೋದು ಇವುಗಳಲ್ಲೇ.

ನನಗೆ ತುಂಬಾ ಇಷ್ಟವಾದ ಭಾಗ ಈಗ ಬರುತ್ತೆ. ಪ್ರೋಟೀನಿನ ಮೈಮೇಲೆ ವಿಳಾಸದ ಚೀಟಿ ಇದ್ದರೆ ಸಾಕು, ಅದು ಸರಿಯಾದ ಜಾಗ ಸೇರುತ್ತೆ ಅಂತ ನಾವು ಓದಿರ್ತೀವಿ. ಇಲ್ಲಿ ಚೀಟಿ ಮಾತ್ರ ಸಾಲದು. ಎಎಂಎ1 ಅನ್ನೋ ಪ್ರೋಟೀನ್ ಚಕ್ರದ ಕೊನೆಯಲ್ಲಿ ತಯಾರಾಗಿ ಮೈಕ್ರೋನೀಮ್ ಸೇರಬೇಕು. ಇಲಿ ಜಾತಿಗೆ ಬರುವ ಮಲೇರಿಯಾ ಜೀವಿಯಲ್ಲಿ ಇದನ್ನು ಬೇರೆ ಹೊತ್ತಿನಲ್ಲಿ ತಯಾರಾಗೋ ಹಾಗೆ ಮಾಡಿದಾಗ, ಪ್ರೋಟೀನ್ ಅದೇ ಆದರೂ ಸೇರಬೇಕಾದ ಜಾಗ ಸೇರಲಿಲ್ಲ. ಇದು 1998ರ ಪ್ರಯೋಗ. 2004ರಲ್ಲಿ ರೆಸಾ ಅನ್ನೋ ಇನ್ನೊಂದು ಪ್ರೋಟೀನಿನಲ್ಲೂ ಇದೇ ಕಂಡಿತು. ಬಸ್ ಸ್ಟ್ಯಾಂಡ್ ನೆನಪು ಮಾಡಿಕೊಳ್ಳಿ. ಕೈಯಲ್ಲಿ ಟಿಕೆಟ್ ಇದ್ದರೂ, ನೀವು ಹೋಗೋ ಹೊತ್ತಿಗೆ ನಿಮ್ಮೂರಿನ ಬಸ್ಸೇ ನಿಂತಿರದಿದ್ದರೆ ಏನು ಪ್ರಯೋಜನ? ಪರಾವಲಂಬಿಯೊಳಗೆ ಸಮಯವೂ ವಿಳಾಸದ ಒಂದು ಭಾಗ.

ಕೊನೆಯ ಹೆಜ್ಜೆ ಇನ್ನೂ ಬಿಗಿ. ಮರಿಗಳು ತಯಾರು, ಚೀಲಗಳು ಭರ್ತಿ. ಆದರೂ ಸಿಗ್ನಲ್ ಬರೋ ತನಕ ಯಾವುದೂ ತೆರೆಯೋದಿಲ್ಲ. ಮೊದಲು ಸೈಕ್ಲಿಕ್ ಜಿಎಂಪಿ ಅನ್ನೋ ಪುಟ್ಟ ಅಣುವಿನ ಪ್ರಮಾಣ ಏರುತ್ತೆ. ಅದು ಪಿಕೆಜಿ ಎಂಬ ಕೈನೇಸನ್ನು ಎಬ್ಬಿಸುತ್ತೆ. ಅದರಿಂದ ಒಳಗೆ ಕೂಡಿಟ್ಟಿದ್ದ ಕ್ಯಾಲ್ಸಿಯಂ ಹೊರಬರುತ್ತೆ. ಆಗ ಒಂದು ಬಗೆಯ ಚೀಲದಿಂದ ಸಬ್1 ಅನ್ನೋ ಕತ್ತರಿ ಕಿಣ್ವ ಹೊರಬಿದ್ದು, ಸುತ್ತಲಿನ ಪೊರೆ ಒಡೆಯೋ ಕೆಲಸಕ್ಕೆ ಚಾಲನೆ ಕೊಡುತ್ತೆ. ಮೈಕ್ರೋನೀಮುಗಳೂ ಖಾಲಿಯಾಗುತ್ತವೆ. ಕೆಲವೇ ನಿಮಿಷಗಳಲ್ಲಿ ಮರಿಗಳು ಹೊರಗೆ. ಪ್ರಯೋಗಾಲಯದಲ್ಲಿ ಪಿಕೆಜಿಯನ್ನು ತಡೆಯುವ ರಾಸಾಯನಿಕ ಹಾಕಿದರೆ, ಪೂರ್ತಿ ಬೆಳೆದ ಮರಿಗಳು ಒಳಗೇ ಬಂದಿಯಾಗಿ ಉಳಿಯುತ್ತವೆ. ಇಂಥ ಸಿಗ್ನಲ್‌ಗಳ ಮೇಲೆ ಹೊಸ ಔಷಧಿ ಹುಡುಕೋರು ಕಣ್ಣಿಟ್ಟಿರೋದು ಅದಕ್ಕೇ.

ಹೊಸ ಔಷಧಿಯ ಅವಸರ ಯಾಕೆ ಅಂತೀರಾ? ಈಗಿರುವ ಬಲವಾದ ಅಸ್ತ್ರ ಆರ್ಟಿಮಿಸಿನಿನ್. ಅದನ್ನು ಕಂಡುಹಿಡಿದ ಚೀನಾದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಸಿಕ್ಕಿತು. ಪರಾವಲಂಬಿ ನಮ್ಮ ಹಿಮೋಗ್ಲೋಬಿನ್ ನುಂಗಿ ಒಡೆದಾಗ ಸಿಗೋ ಕಬ್ಬಿಣವೇ ಈ ಔಷಧಿಯನ್ನು ಚುರುಕುಗೊಳಿಸುತ್ತೆ. ಆದರೆ ಕೆ13 ಎಂಬ ಜೀನ್ ಬದಲಾದ ತಳಿಗಳು ಎಳೆಯ ಹಂತದಲ್ಲಿ ಹಿಮೋಗ್ಲೋಬಿನ್ ನುಂಗೋದನ್ನೇ ಕಡಿಮೆ ಮಾಡುತ್ತವೆ ಅಂತ 2020ರಲ್ಲಿ ತಿಳಿದುಬಂತು. ಔಷಧಿ ದೇಹದಲ್ಲಿ ಇರೋದೇ ಕೆಲವು ಗಂಟೆ. ಅಷ್ಟು ಹೊತ್ತು ತಳ್ಳಿದರೆ ಅವು ಬದುಕಿಕೊಂಡವು. ಇಂಥ ತಳಿಗಳು ಮೊದಲು ಕಾಂಬೋಡಿಯಾ ಕಡೆ ಕಂಡವು, ಈಗ ರುವಾಂಡಾ, ಉಗಾಂಡಾದಲ್ಲೂ ಇವೆ.

ಈಗ ಆ ಮೂರು ದಿನದ ಲೆಕ್ಕಕ್ಕೆ ಬರೋಣ. ಫಾಲ್ಸಿಪೇರಂ ಮಲೇರಿಯಾಗೆ ಕೊಡೋ ಆರ್ಟಿಮಿಸಿನಿನ್ ಸಂಯೋಜಿತ ಚಿಕಿತ್ಸೆ ಮೂರು ದಿನದ್ದು. ಒಂದು ಚಕ್ರ 48 ಗಂಟೆ ಆದ್ದರಿಂದ, ಮೂರು ದಿನ ಅಂದ್ರೆ ಒಂದು ಚಕ್ರ ದಾಟಿ ಎರಡನೆಯದಕ್ಕೂ ಏಟು ಬೀಳುತ್ತೆ. ಮೊದಲ ಡೋಸಿಗೆ ಸಿಗದೆ ಉಳಿದವು ಮುಂದಿನದಕ್ಕೆ ಸಿಗುತ್ತವೆ, ಜೊತೆಯಲ್ಲಿರೋ ಎರಡನೇ ಔಷಧಿ ಅಳಿದುಳಿದವನ್ನು ಮುಗಿಸುತ್ತೆ. ವೈವಾಕ್ಸ್ ಆದರೆ ಯಕೃತ್ತಿನಲ್ಲಿ ಅಡಗಿದವಕ್ಕೆ ಅಂತ ಪ್ರೈಮಾಕ್ವಿನ್ 14 ದಿನ ಬೇರೆ.

ಹಾಗಾಗಿ ಎರಡನೇ ದಿನ ಮೈ ತಣ್ಣಗಾಯ್ತು ಅಂತ ಮಾತ್ರೆ ಬಿಡಬೇಡಿ. ಜ್ವರ ಇಲ್ಲದ ಆ ದಿನವೇ ರಕ್ತಕಣದೊಳಗೆ ಮುಂದಿನ ದಾಳಿಯ ಸರಕು ತುಂಬ್ತಾ ಇರಬಹುದು. ಮನೆಯಲ್ಲಿ ಯಾರಾದರೂ "ಜ್ವರ ಬಿಟ್ಟಿದೆ, ಇನ್ಯಾಕೆ ಮಾತ್ರೆ" ಅಂದ್ರೆ ಈ ಎಪಿಸೋಡ್ ಕೇಳಿಸಿ.