ಲಕ್ವ: ಮೊದಲ ಮೂರು ದಿನದ ಶುಶ್ರೂಷೆ

ಮಿದುಳಿನ ಒಂದು ಭಾಗಕ್ಕೆ ರಕ್ತ ಹರಿಯುವುದು ನಿಂತಾಗ, ಇಲ್ಲವೇ ಅಲ್ಲಿನ ರಕ್ತನಾಳ ಒಡೆದಾಗ ಪಾರ್ಶ್ವವಾಯು ಬಡಿಯುತ್ತದೆ. ಆಡುಮಾತಿನಲ್ಲಿ ಇದೇ ಲಕ್ವ. ಹೆಚ್ಚಿನವರಲ್ಲಿ ಕಾರಣ ಹೆಪ್ಪುಗಟ್ಟಿದ ರಕ್ತ, ಉಳಿದವರಲ್ಲಿ ರಕ್ತಸ್ರಾವ. ದೊಡ್ಡ ನಾಳವೊಂದು ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂಬ ಅಂದಾಜಿದೆ. ಸ್ಕ್ಯಾನ್ ನೋಡಿ ಔಷಧ ನಿರ್ಧರಿಸುವವರು ವೈದ್ಯರು. ಆ ಚಿಕಿತ್ಸೆಯ ಫಲ ಉಳಿಯುವುದು ಮಾತ್ರ ಹಗಲಿರುಳು ರೋಗಿಯ ಬಳಿ ಇರುವ ನರ್ಸ್‌ಗಳು ಏನು ಗಮನಿಸುತ್ತಾರೆ, ಏನು ಮಾಡುತ್ತಾರೆ ಎಂಬುದರ ಮೇಲೆ.

ರೋಗಿ ಬಂದೊಡನೆ ಮನೆಯವರಿಗೆ ಕೇಳುವ ಮುಖ್ಯ ಪ್ರಶ್ನೆ, ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂಬುದು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೆಳಿಗ್ಗೆ ಏಳುವಾಗಲೇ ಕೈಕಾಲು ಬಿದ್ದಿದ್ದರೆ ಲೆಕ್ಕ ಶುರುವಾಗುವುದು ರಾತ್ರಿ ಮಲಗಿದ ಹೊತ್ತಿನಿಂದ. ಜೊತೆಗೇ ಬೆರಳು ಚುಚ್ಚಿ ಶುಗರ್ ನೋಡಲಾಗುತ್ತದೆ; ಸಕ್ಕರೆ ತೀರಾ ಇಳಿದಾಗಲೂ ಮಾತು ತೊದಲಿ, ಒಂದು ಪಕ್ಕ ಸೋತು, ಲಕ್ವದಂತೆಯೇ ಕಾಣಬಹುದು. ಸ್ಕ್ಯಾನ್ ಆಗುವವರೆಗೆ ಆಸ್ಪಿರಿನ್ ಕೊಡುವಂತಿಲ್ಲ. ರಕ್ತಸ್ರಾವವಾಗಿದ್ದರೆ ಅದರಿಂದ ಅಪಾಯ ಹೆಚ್ಚುತ್ತದೆ.

ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಔಷಧದ ಪ್ರಮಾಣ ತೂಕವನ್ನು ಅವಲಂಬಿಸಿದೆ: ಕೆಜಿಗೆ 0.9 ಮಿಲಿಗ್ರಾಂ, ಒಟ್ಟು 90 ಮಿಲಿಗ್ರಾಂ ಮೀರದಂತೆ. ಕೊಡುವ ಮೊದಲು ಬಿಪಿ 185/110ಕ್ಕಿಂತ ಕೆಳಗಿರಬೇಕು, ಕೊಟ್ಟ ಮೇಲೆ ಒಂದು ದಿನ 180/105 ದಾಟಬಾರದು. ಅದಕ್ಕಾಗಿ ಮೊದಲ ಎರಡು ಗಂಟೆ 15 ನಿಮಿಷಕ್ಕೊಮ್ಮೆ, ಮುಂದಿನ ಆರು ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ಬಿಪಿ ನೋಡುತ್ತಾರೆ. ಈ ನಡುವೆ ತೀವ್ರ ತಲೆನೋವು, ವಾಂತಿ ಕಾಣಿಸಿದರೆ, ಅಥವಾ ಪ್ರಜ್ಞೆ ಕುಗ್ಗಿದರೆ, ಮಿದುಳಿನೊಳಗೆ ರಕ್ತಸ್ರಾವವಾಗಿರಬಹುದು. ಔಷಧ ಇನ್ನೂ ಹೋಗುತ್ತಿದ್ದರೆ ಅದನ್ನು ಕೂಡಲೇ ನಿಲ್ಲಿಸಿ ವೈದ್ಯರನ್ನು ಕರೆಯಬೇಕು. ಈ ಔಷಧ ಪಡೆಯದವರ ಲೆಕ್ಕವೇ ಬೇರೆ. ಹೆಪ್ಪಿನಿಂದಾದ ಲಕ್ವದಲ್ಲಿ ಬಿಪಿ 220/120ರವರೆಗೆ ಏರಿದರೂ ಸಾಮಾನ್ಯವಾಗಿ ಅವಸರದಿಂದ ಇಳಿಸುವುದಿಲ್ಲ; ಇಳಿಸಿದರೆ ಸಾವು ಬದುಕಿನ ನಡುವೆ ಇರುವ ಕೋಶಗಳಿಗೆ ರಕ್ತ ಇನ್ನಷ್ಟು ಕಡಿಮೆಯಾಗುತ್ತದೆ.

ಪ್ರಜ್ಞೆಯನ್ನು ಅಳೆಯಲು ಗ್ಲಾಸ್ಗೋ ಕೋಮಾ ಸ್ಕೇಲ್ ಇದೆ. ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ 1974ರಲ್ಲಿ ಇದನ್ನು ಪ್ರಕಟಿಸಿದರು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಚಲನೆಗೆ 6 ಅಂಕ. ಒಟ್ಟು 15, ಕನಿಷ್ಠ 3. ತಲೆಗೆ ಪೆಟ್ಟು ಬಿದ್ದವರಲ್ಲಿ ಅಂಕ 8 ಅಥವಾ ಅದಕ್ಕಿಂತ ಕಡಿಮೆಯಾದರೆ ಸ್ಥಿತಿ ಗಂಭೀರ. ಆಗ ಉಸಿರಿನ ದಾರಿ ಕಾಪಾಡುವುದೇ ಮೊದಲ ಚಿಂತೆ. ಒಂದು ಹೊತ್ತಿನ ಅಂಕಕ್ಕಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಹೆಚ್ಚು ಹೇಳುತ್ತದೆ. ಒಂದು ಕಣ್ಣಿನ ಪಾಪೆ ಹಿಗ್ಗಿದರೆ ತಲೆಬುರುಡೆಯೊಳಗೆ ಒತ್ತಡ ಏರುತ್ತಿರಬಹುದು. ಬಿಪಿ ಏರಿ, ನಾಡಿ ನಿಧಾನವಾಗಿ, ಉಸಿರು ಲಯ ತಪ್ಪುವುದು ತಡವಾಗಿ ಬರುವ ಅಪಾಯಸೂಚನೆ. ಮಾತಿನ ಕೇಂದ್ರಕ್ಕೇ ಹಾನಿಯಾದ ರೋಗಿ ಪೂರ್ತಿ ಎಚ್ಚರವಿದ್ದರೂ ಉತ್ತರಿಸಲಾರ. ಅಂಥವರನ್ನು ಗೊಂದಲಗೊಂಡವರೆಂದು ತಪ್ಪಾಗಿ ಬರೆದುಕೊಳ್ಳದಿರಲು ಅನುಭವ ಬೇಕು.

ಶುಶ್ರೂಷೆಯ ತೂಕ ಎಷ್ಟೆಂದು ತೋರಿಸಿದ ಅಧ್ಯಯನವೊಂದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಿಂದ 2011ರಲ್ಲಿ ಬಂತು. ಸ್ಯಾಂಡಿ ಮಿಡಲ್‌ಟನ್ ನೇತೃತ್ವದ ತಂಡ 19 ಪಾರ್ಶ್ವವಾಯು ಘಟಕಗಳಲ್ಲಿ ನಡೆಸಿದ ಈ ಪ್ರಯೋಗದಲ್ಲಿ ಹೊಸ ಔಷಧವಾಗಲಿ ಯಂತ್ರವಾಗಲಿ ಇರಲಿಲ್ಲ. ಮೊದಲ 72 ಗಂಟೆಗಳಲ್ಲಿ ಜ್ವರ, ಸಕ್ಕರೆ ಮತ್ತು ನುಂಗುವಿಕೆ, ಈ ಮೂರನ್ನು ನರ್ಸ್‌ಗಳು ಕಟ್ಟುನಿಟ್ಟಾಗಿ ನೋಡಿಕೊಳ್ಳಬೇಕಿತ್ತು. 90 ದಿನಗಳಲ್ಲಿ ತೀರಿಕೊಂಡವರು ಅಥವಾ ಪರಾವಲಂಬಿಗಳಾದವರು ಈ ಕ್ರಮ ಪಾಲಿಸಿದ ಘಟಕಗಳಲ್ಲಿ ಶೇ. 42, ಉಳಿದ ಘಟಕಗಳಲ್ಲಿ ಶೇ. 58. ಜ್ವರವೂ ಏರಿದ ಸಕ್ಕರೆಯೂ ಪೆಟ್ಟು ತಿಂದ ಮಿದುಳಿಗೆ ಮತ್ತಷ್ಟು ಹಾನಿ ಮಾಡುತ್ತವೆ.

ಮೂರರಲ್ಲಿ ಮನೆಯವರಿಗೆ ಹೊಳೆಯದೇ ಹೋಗುವುದು ನುಂಗುವಿಕೆ. ಬಾಯಿ ಒಣಗಿದೆಯೆಂದು ಒಂದು ಗುಟುಕು ನೀರು, ನಿತ್ರಾಣವಾಗಿದೆಯೆಂದು ಎರಡು ಚಮಚ ಗಂಜಿ ಕೊಡುವುದು ಪ್ರೀತಿಯಿಂದಲೇ. ಗಂಟಲಿನ ಸ್ನಾಯು ಸೋತಿದ್ದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಕೆಲವರಿಗೆ ಕೆಮ್ಮೂ ಬರುವುದಿಲ್ಲ. ಆದ್ದರಿಂದ ತರಬೇತಿ ಪಡೆದವರು ರೋಗಿಯನ್ನು ನೇರ ಕೂರಿಸಿ, ಸ್ವಲ್ಪ ಸ್ವಲ್ಪ ನೀರು ಕೊಟ್ಟು ಪರೀಕ್ಷಿಸುವ ತನಕ ಬಾಯಿಗೆ ಏನೂ ಹಾಕಬಾರದು, ಮಾತ್ರೆಯನ್ನೂ ಸಹ.

ಹಾಸಿಗೆ ಹುಣ್ಣು ಆಗದಂತೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ. ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆದರೆ ಭುಜದ ಕೀಲು ಜಾರಬಹುದು. ಕೈಗೆ ದಿಂಬಿನ ಆಸರೆ ಬೇಕು. ಬೇಗ ನಡೆಸಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಮೊದಲ 24 ಗಂಟೆಯೊಳಗೆ ಹೆಚ್ಚು ಹೊತ್ತು ಎಬ್ಬಿಸಿ ಓಡಾಡಿಸಿದವರಲ್ಲಿ ಚೇತರಿಕೆ ಕಡಿಮೆಯೆಂದು 2015ರಲ್ಲಿ ಪ್ರಕಟವಾದ ಅವರ್ಟ್ ಅಧ್ಯಯನ ಕಂಡುಕೊಂಡಿತು. ಮಿದುಳಿನ ಬಲಭಾಗಕ್ಕೆ ಹಾನಿಯಾದ ಕೆಲವರಿಗೆ ಎಡಗಡೆ ಎಂಬುದೇ ಗಮನಕ್ಕೆ ಬರುವುದಿಲ್ಲ. ತಟ್ಟೆಯ ಎಡಭಾಗದ ಅನ್ನ ಹಾಗೇ ಉಳಿಯುತ್ತದೆ. ಇದು ಹಟವಲ್ಲ, ರೋಗದ ಲಕ್ಷಣ. ಸುಮಾರು ಮೂರರಲ್ಲೊಬ್ಬರನ್ನು ಖಿನ್ನತೆಯೂ ಕಾಡುತ್ತದೆ, ಅದಕ್ಕೂ ಚಿಕಿತ್ಸೆಯಿದೆ.

ಮನೆಗೆ ಕಳಿಸುವ ಮುನ್ನ ಮಗ್ಗುಲು ಬದಲಿಸುವುದು, ಕೈಗೆ ಆಸರೆ ಕೊಡುವುದು ಮುಂತಾದ ಆರೈಕೆಯನ್ನು ಮನೆಯವರ ಕೈಯಲ್ಲಿ ಮಾಡಿಸಿ ನೋಡುವುದು ಶುಶ್ರೂಷೆಯ ಕೊನೆಯ ಹಂತ. ಬಿಪಿ ಮಾತ್ರೆ ತಪ್ಪಿಸಬಾರದು, ಬೀಡಿ ಸಿಗರೇಟು ಬಿಡಬೇಕು. ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಆ ಹೊತ್ತನ್ನು ಗುರುತಿಟ್ಟುಕೊಂಡು ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಬೇಕು.