ಒಣಗಿದ ಔಷಧಿಗೂ ಬೇಸಗೆ ತಾಗುತ್ತದೆ

ಕುಸುಮರೋಗ ಅಥವಾ ಹಿಮೋಫಿಲಿಯಾ ಇರುವ ಮಕ್ಕಳ ಮನೆಗಳಲ್ಲಿ ಒಂದು ಪುಟ್ಟ ಗಾಜಿನ ಸೀಸೆಯನ್ನು ಕಾಣಬಹುದು. ಅದರ ತಳದಲ್ಲಿ ಬಿಳಿಯ ಬಿಲ್ಲೆಯೊಂದು ಕುಳಿತಿರುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ‘ಫ್ಯಾಕ್ಟರ್ ೮’ ಎಂಬ ಸಸಾರಜನಕವೇ ಅದು. ಮಗುವಿನ ಮೊಣಕಾಲಿನೊಳಗೆ ರಕ್ತ ಸೋರತೊಡಗಿದಾಗ ಇದನ್ನು ನೀರಿನಲ್ಲಿ ಕರಗಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಔಷಧಿ ಸತ್ವಗುಂದಿದ್ದರೆ ಸೋರಿಕೆ ನಿಲ್ಲುವುದಿಲ್ಲ. ಹೀಗೆ ಮೇಲಿಂದ ಮೇಲೆ ಆದರೆ ಕೀಲು ಶಾಶ್ವತವಾಗಿ ಕೆಡುತ್ತದೆ.

“ಪುಡಿ ತಾನೆ, ಅದಕ್ಕೇನಾಗುತ್ತದೆ?” ಎಂದು ಕೇಳುವವರುಂಟು. ಗ್ರೇಟರ್ ನೋಯ್ಡಾದ ಮೇ, ಜೂನ್ ತಿಂಗಳ ೪೫ ಡಿಗ್ರಿಯ ಬಿಸಿಲಿನಲ್ಲಿ ಈ ಪ್ರಶ್ನೆಗೆ ಸರಿಯಾದ ಉತ್ತರ ತಿಳಿದಿರುವುದು ಒಳ್ಳೆಯದು.

ನೀರಿನಲ್ಲಿರುವ ಸಸಾರಜನಕ ಬಹು ನಾಜೂಕಿನ ವಸ್ತು. ಅದರ ಉದ್ದನೆಯ ಸರಪಳಿ ಒಂದು ನಿರ್ದಿಷ್ಟ ರೀತಿಯಲ್ಲಿ ಮಡಿಚಿಕೊಂಡಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಮಡಿಕೆ ಬಿಚ್ಚಿ ಒಂದಕ್ಕೊಂದು ಅಂಟಿಕೊಂಡರೆ ಬೆಂದ ಮೊಟ್ಟೆಯ ಬಿಳಿಯ ಹಾಗೆ. ಮತ್ತೆ ಹಿಂದಿನ ಸ್ಥಿತಿಗೆ ಬಾರದು. ಆದುದರಿಂದ ನೀರನ್ನೇ ತೆಗೆದುಬಿಡುವ ಉಪಾಯ ಹೂಡಿದರು. ಸಂಡಿಗೆಯಂತೆ ಬಿಸಿಲಿಗಿಟ್ಟು ಒಣಗಿಸುವ ಹಾಗಿಲ್ಲವಷ್ಟೆ! ದ್ರಾವಣವನ್ನು ಸೊನ್ನೆಗಿಂತ ಸುಮಾರು ೪೦ ಡಿಗ್ರಿ ಕೆಳಗೆ ಗಡ್ಡೆಗಟ್ಟಿಸಿ, ಸುತ್ತಣ ಗಾಳಿಯನ್ನು ಹೀರಿಬಿಟ್ಟರೆ, ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ರಕ್ತದ ಪ್ಲಾಸ್ಮಾವನ್ನು ಹೀಗೆ ಒಣಗಿಸಿ ರಣರಂಗಕ್ಕೆ ಕಳುಹಿಸುತ್ತಿದ್ದರು.

ಒಣಗಿಸುವ ಮೊದಲು ಇಂಥ ಹಲವು ಔಷಧಿಗಳಿಗೆ ಸುಕ್ರೋಸ್ ಬೆರೆಸುತ್ತಾರೆ. ಸುಕ್ರೋಸ್ ಎಂದರೆ ಬೇರೇನೂ ಅಲ್ಲ, ನಾವು ಕಾಫಿಗೆ ಹಾಕುವ ಸಕ್ಕರೆಯೇ. ನೀರು ಬಿಟ್ಟುಹೋದ ಜಾಗವನ್ನು ಅದು ತುಂಬಿ, ಗಾಜಿನಂತೆ ಬಿಗಿದು, ಸಸಾರಜನಕವನ್ನು ಅಲುಗದಂತೆ ಹಿಡಿದಿಡುತ್ತದೆ. ಕಡಲೆಕಾಯಿ ಮಿಠಾಯಿ ತಿಂದವರಿಗೆ ಈ ಗಾಜು ಹೊಸದಲ್ಲ. ಪಾಕ ಸರಿಯಾಗಿ ಬಂದ ಮಿಠಾಯಿ ಟಕ್ಕನೆ ಮುರಿಯುತ್ತದೆ; ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಅದೇ ಮಿಠಾಯಿ ಮೆತ್ತಗಾಗಿ ಕೈಗೆ ಅಂಟುತ್ತದೆ. ಸೀಸೆಯೊಳಗಿನ ಕಥೆಯೂ ಇದೇ. ಪೂರಾ ಒಣಗಿದ ಸಕ್ಕರೆಯ ಗಾಜು ಮೆತ್ತಗಾಗಲು ೬೦ ಡಿಗ್ರಿಗೂ ಮಿಗಿಲಾದ ಶಾಖ ಬೇಕು. ನೂರಕ್ಕೆ ಮೂರು ನಾಲ್ಕು ಪಾಲು ತೇವ ಸೇರಿದರೆ ಸುಮಾರು ೪೦ ಡಿಗ್ರಿಯೇ ಸಾಕು. ರಬ್ಬರಿನ ಬಿರಡೆ ಕೂಡ ತನ್ನಲ್ಲಿ ಅಡಗಿದ ತೇವವನ್ನು ವರ್ಷಗಳ ಕಾಲ ಪುಡಿಗೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡಬಲ್ಲುದು. ಗಾಜು ಗಟ್ಟಿಯಾಗಿದ್ದಾಗಲೂ ಶಾಖ ಹೆಚ್ಚಿದಷ್ಟು ಸತ್ವ ಬೇಗ ಕುಂದುತ್ತದೆ.

ಕುಂದಿದ್ದು ಕಣ್ಣಿಗೆ ಕಾಣುವುದಿಲ್ಲವೆಂಬುದೇ ತೊಡಕು. ಕುಸಿದ, ಬಣ್ಣಗೆಟ್ಟ ಬಿಲ್ಲೆಯನ್ನು ಯಾರೂ ಬಳಸರು. ಆದರೆ ಬಿಳುಪಾಗಿ ನೆಟ್ಟಗಿರುವ ಬಿಲ್ಲೆಯೂ ಅರ್ಧ ಸತ್ತಿರಬಹುದು. ಅದನ್ನು ಅಳೆಯುವುದು ಪ್ರಯೋಗಶಾಲೆಯ ಕೆಲಸ. ನಮ್ಮ ನೆರೆಯ ನೋಯ್ಡಾದ ೬೨ನೆಯ ಸೆಕ್ಟರಿನಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜೈವಿಕ ಸಂಸ್ಥೆ ಇದೆ. ರಕ್ತದಿಂದ ತಯಾರಾಗುವ ಔಷಧಿಗಳನ್ನು ಅಲ್ಲಿ ಪರೀಕ್ಷಿಸುತ್ತಾರೆ. ಹಾಗೆ ತೇರ್ಗಡೆಯಾದ ಸೀಸೆಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಮರೆತುಬಂದರೆ ಪರೀಕ್ಷೆಯಿಂದ ಬಂದ ಪ್ರಯೋಜನವೇನು?

ಮನೆಯಲ್ಲಿ ಇದರ ಜಾಗ ರೆಫ್ರಿಜರೇಟರಿನ ನಡುವಣ ಹಲಗೆ. ೨ರಿಂದ ೮ ಡಿಗ್ರಿ ಇರಬೇಕು. ಬಾಗಿಲ ಗೂಡು ಬೇಡ, ಅಲ್ಲಿ ಶಾಖ ಏರಿಳಿಯುತ್ತದೆ. ಬರ್ಫದ ಅರೆಯಂತೂ ಖಂಡಿತ ಬೇಡ: ಜೊತೆಗೆ ಕೊಟ್ಟ ನೀರು ಗಡ್ಡೆಗಟ್ಟಿ ಅದರ ಸೀಸೆ ಒಡೆದೀತು. ಹಲವು ಕಂಪನಿಗಳ ಪುಡಿಯನ್ನು ೨೫ ಅಥವಾ ೩೦ ಡಿಗ್ರಿಯವರೆಗಿನ ಉಷ್ಣತೆಯಲ್ಲಿ ಕೆಲವು ತಿಂಗಳು ಹೊರಗಿಡಬಹುದು. ಎಷ್ಟು ಡಿಗ್ರಿ, ಎಷ್ಟು ತಿಂಗಳು ಎಂಬುದನ್ನು ಪೆಟ್ಟಿಗೆಯೊಳಗಿನ ಕಾಗದ ಹೇಳುತ್ತದೆ. ಹೊರತೆಗೆದ ತಾರೀಖನ್ನು ಪೆಟ್ಟಿಗೆಯ ಮೇಲೆ ಬರೆಯಿರಿ. ಆ ಮೇಲೆ ಮತ್ತೆ ತಣ್ಣಗಿಟ್ಟರೆ ಕಳೆದ ಆಯುಸ್ಸು ಮರಳುವುದಿಲ್ಲ.

ರಜೆಗೆ ಊರಿಗೆ ಹೊರಟವರು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆಯಬೇಕು. ದಪ್ಪ ಗೋಡೆಯ ಪೆಟ್ಟಿಗೆಯಲ್ಲಿ ಮಂಜಿನ ಪೊಟ್ಟಣವಿಟ್ಟು, ಔಷಧಿ ಅದಕ್ಕೆ ನೇರವಾಗಿ ತಾಗದಂತೆ ಟವೆಲ್ಲು ಸುತ್ತಿ, ಪೆಟ್ಟಿಗೆಯನ್ನು ಕೈಯಳತೆಯಲ್ಲೇ ಇರಿಸಿಕೊಳ್ಳಿ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ವಿಳಾಸವನ್ನು ಗುರುತು ಹಾಕಿಕೊಂಡು ಹೋಗುವುದು ಜಾಣತನ.

ಕರಗಿಸುವಾಗ ಎರಡೂ ಸೀಸೆಗಳು ಕೋಣೆಯ ಉಷ್ಣತೆಗೆ ಬಂದಿರಲಿ. ಮಜ್ಜಿಗೆ ಕಡೆದಂತೆ ಕುಲುಕಬಾರದು. ನೊರೆಯೆದ್ದರೆ ಅಲ್ಲಿಯೂ ಮಡಿಕೆ ಬಿಚ್ಚುತ್ತದೆ. ಅಂಗೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರೆ ಸಾಕು. ಕರಗಿದ ಮೇಲೆ ಆಯುಸ್ಸು ತಿಂಗಳುಗಳದ್ದಲ್ಲ, ಸಾಮಾನ್ಯವಾಗಿ ಮೂರು ಗಂಟೆಯದು.