ಬಾರಾಮಹಲಿನ ಸಾಮಾನ್ಯ ರಾವುತ

ವೀರಗಲ್ಲುಗಳ ಅಧ್ಯಯನದಲ್ಲಿ ‘ತುರುಗೊಳ್’ ಎಂಬ ಮಾತು ನಮಗೆ ಪರಿಚಿತ. ಶತ್ರುಗಳು ಊರ ದನಗಳನ್ನು ಹೊಡೆದುಕೊಂಡು ಹೋದಾಗ ಅವನ್ನು ಮರಳಿಸಲು ಕಾದಿ ಮಡಿದವರ ಕಲ್ಲುಗಳು ಧರ್ಮಪುರಿ ಸೀಮೆಯಲ್ಲಿಯೂ ಇವೆ. ಹದಿನೆಂಟನೆಯ ಶತಮಾನದಲ್ಲಿ ಅದೇ ನೆಲದ ಮೇಲೆ ತುರುಗೊಳ್ಳುವುದು ದೊಡ್ಡ ಸೈನ್ಯವೊಂದರ ಯುದ್ಧಕ್ರಮವಾಯಿತು. ಅದನ್ನು ನಡೆಸಿದವನು ಮೈಸೂರಿನ ಸಾಮಾನ್ಯ ರಾವುತ.

ಇಂದಿನ ಧರ್ಮಪುರಿ, ಕೃಷ್ಣಗಿರಿಗಳ ಸುತ್ತಲ ಪ್ರದೇಶಕ್ಕೆ ಆಗ ಬಾರಾಮಹಲ್ ಎಂದು ಹೆಸರು. ‘ಬಾರಾ’ ಎಂದರೆ ಹನ್ನೆರಡು. ಮೈಸೂರಿನ ಪ್ರಸ್ಥಭೂಮಿಯಿಂದ ತಮಿಳುನಾಡಿನ ಬಯಲಿಗೆ ಇಳಿಯುವ ಕಣಿವೆಗಳು ಇಲ್ಲಿದ್ದುದರಿಂದ ಹೈದರಾಲಿ, ಟಿಪ್ಪು ಸುಲ್ತಾನರ ಕುದುರೆದಳಕ್ಕೆ ಇದು ಹೆಬ್ಬಾಗಿಲಾಗಿತ್ತು.

ಈ ದಳದ ಸವಾರರಲ್ಲಿ ಎರಡು ಬಗೆಯಿತ್ತು. ಮರಾಠಿ ಪಾಠಗಳಲ್ಲಿ ಬಾಲ್ಯದಲ್ಲಿಯೇ ನಾನು ಕಂಡಿದ್ದ ‘ಶಿಲೇದಾರ’, ‘ಬಾರಗೀರ’ ಎಂಬ ಪದಗಳು ಅವನ್ನೇ ಸೂಚಿಸುತ್ತವೆ. ಅರಬ್ಬಿಯ ‘ಸಿಲಾಹ್’ ಎಂದರೆ ಆಯುಧ. ಸ್ವಂತ ಆಯುಧ, ಸ್ವಂತ ಕುದುರೆಯೊಡನೆ ಸೇವೆಗೆ ಬಂದವನು ಶಿಲೇದಾರ. ಪಾರಸಿಯಲ್ಲಿ ‘ಬಾರಗೀರ್’ ಎಂದರೆ ಭಾರ ಹೊರುವವನು; ಸರ್ಕಾರದ ಅಥವಾ ಇನ್ನೊಬ್ಬನ ಕುದುರೆಯನ್ನು ಏರಿದವನು ಬಾರಗೀರ.

ಈ ಭೇದವು ಯುದ್ಧದ ರೀತಿಯನ್ನೂ ಪ್ರಭಾವಿಸಿತು. ಶಿಲೇದಾರನಿಗೆ ಕುದುರೆಯೇ ಬಂಡವಾಳ. ಅದು ಸತ್ತರೆ ಅವನ ಜೀವನೋಪಾಯವೇ ಹೋದಂತೆ. ಆದುದರಿಂದ ಫಿರಂಗಿಗಳಿಗೆ ಎದುರಾಗಿ ನುಗ್ಗಲು ಅವನು ಹಿಂಜರಿಯುತ್ತಿದ್ದುದು ಹೇಡಿತನವಲ್ಲ, ಬದುಕಿನ ಲೆಕ್ಕಾಚಾರ. ಶತ್ರುವಿನ ದನಗಳನ್ನು ಹಿಡಿಯುವುದು, ದವಸದ ಸಾಗಣೆಯನ್ನು ತಡೆಯುವುದು, ಮೇವನ್ನು ಸುಡುವುದು, ಸುದ್ದಿ ಒಯ್ಯುವವರನ್ನು ಅಡ್ಡಗಟ್ಟುವುದು ಇವುಗಳಲ್ಲಿ ಅವನು ನಿಪುಣನಾಗಿದ್ದ. ಕಂಪನಿಯ ಸೈನ್ಯದ ತೋಪು, ಅಕ್ಕಿಗಳೆಲ್ಲವೂ ಎತ್ತುಗಳನ್ನೇ ನೆಚ್ಚಿದ್ದವು. ಎತ್ತು ಹೋದರೆ ಸೈನ್ಯ ನಿಂತಲ್ಲೇ ನಿಲ್ಲುತ್ತಿತ್ತು.

1767ರ ಆಗಸ್ಟಿನಲ್ಲಿ ಮೊದಲನೆಯ ಮೈಸೂರು ಯುದ್ಧವು ಬಾರಾಮಹಲಿನಲ್ಲಿ ಆರಂಭವಾದದ್ದೇ ಹೀಗೆ: ಹೈದರನ ಸವಾರರು ಕರ್ನಲ್ ಸ್ಮಿತ್‌ನ ಪಾಳೆಯದ ದನಗಳನ್ನು ಹೊಡೆದುಕೊಂಡು ಹೋದರು. 1790ರ ನವೆಂಬರಿನಲ್ಲಿ ಮೆಡೋಸ್, ಮ್ಯಾಕ್ಸ್‌ವೆಲ್‌ರ ಸೈನ್ಯಗಳು ಕಾವೇರಿಪಟ್ಟಣದ ಬಳಿ ಕೂಡಿಕೊಂಡಾಗ, ಟಿಪ್ಪು ತೊಪ್ಪೂರು ಕಣಿವೆಯ ಮೂಲಕ ವೇಗವಾಗಿ ದಕ್ಷಿಣಕ್ಕೆ ಸಾಗಿದನು. ಇದೇ ಯುದ್ಧಕ್ರಮದ ಫಲವನ್ನು 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಯೂ ಕಾಣಬಹುದು. ಮೇವಿಲ್ಲದೆ, ರೋಗದಿಂದ ಎತ್ತುಗಳು ಸತ್ತು, ಸರಬರಾಜು ನಿಂತುಹೋದಾಗ ಕಾರ್ನ್‌ವಾಲಿಸ್ ತನ್ನ ಭಾರಿ ತೋಪುಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು.

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಮತ್ತು ಸೇಲಂ ಕಂಪನಿಗೆ ಸೇರಿದವು. ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಇಲ್ಲಿ ಭೂಮಿಯನ್ನು ಅಳೆಸಿ ಕಂದಾಯವನ್ನು ಗೊತ್ತುಮಾಡಿದರು. ಕುದುರೆಯ ಗೊರಸು ತುಳಿದ ಹೊಲಗಳು ಲೆಕ್ಕದ ಪುಸ್ತಕವನ್ನು ಸೇರಿದವು.

ವಿದ್ಯಾರ್ಥಿಗಳು ಇಲ್ಲಿ ಒಂದನ್ನು ಗಮನಿಸಬೇಕು. ವೀರಗಲ್ಲು ತುರುವನ್ನು ಉಳಿಸಲು ಮಡಿದವನ ಸ್ಮಾರಕ. ನಮ್ಮ ರಾವುತನು ತುರುವನ್ನು ಕೊಂಡುಹೋದವನು. ದೊರೆಯ ದೃಷ್ಟಿಯಲ್ಲಿ ಅವನು ರಾಜ್ಯವನ್ನು ಕಾದ ಯೋಧ; ಮೇವು ಸುಟ್ಟುಹೋದ ರೈತನಿಗೆ ಅವನು ಹಾಗೆಯೇ ಕಂಡಿರಲಾರ. ಮುಂದೆ ವೀರಗಲ್ಲಿನ ಮೇಲೆ ದನಗಳ ಸಾಲನ್ನು ನೋಡಿದಾಗ, ಆಚೆಯ ಬದಿಯಲ್ಲಿ ಕುದುರೆಯೊಂದನ್ನೇ ನಂಬಿ ಬಂದ ಮನುಷ್ಯನನ್ನೂ ನೆನೆಯಿರಿ.